ನೂರಾ ಹದಿನೆಂಟು

ಆ ಮನೆಯಲ್ಲಿ ಬಿಪಿ ನೋಡುವುದು ಒಂದು ಸಲಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ನೀಲಗಂಗಮ್ಮ ನಡುಮನೆಯ ಕುರ್ಚಿಯಲ್ಲಿ ಬಂದು ಕೂತು ಎಡಗೈ ಚಾಚುತ್ತಿದ್ದರು. ದಿವ್ಯಾ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುತ್ತಿದ್ದಳು. ಪಟ್ಟಿ ಉಬ್ಬಿ ಬಿಗಿಯುತ್ತಿತ್ತು, ನಿಧಾನವಾಗಿ ಸಡಿಲವಾಗುತ್ತಿತ್ತು, ಆಮೇಲೆ ಕಿಂಯ್ ಎಂದು ಮಿಷಿನ್ನಿನ ಮೇಲೆ ಸಂಖ್ಯೆ ಬೀಳುತ್ತಿತ್ತು.

"ಎಷ್ಟವ್ವಾ?"

"ನೂರಾ ಐವತ್ತಾರು, ಅತ್ತೆ."

"ಥೂ, ಅದು ಮೆಟ್ಲು ಅತ್ತಿ ಬಂದಿದ್ಕೆ ಕಣವ್ವಾ. ಇನ್ನೊಂದ್ಸಲ ಒತ್ತು."

"ನಮ್ಮನೇಲಿ ಮೆಟ್ಲು ಎಲ್ಲವೆ?" ಎಂದು ಅಡುಗೆಮನೆಯಿಂದ ಸೊಸೆ ಶಿವರಂಜನಿ ಕೇಳುತ್ತಿದ್ದಳು.

"ನಿನ್ ಬಾಯಿ ಕೇಳುದ್ರೆ ಇನ್ನೂ ಅತ್ತು ಏರ್ತದೆ, ಸುಮ್ಕಿರು."

ಎರಡನೇ ಸಲ ನೂರಾ ನಲವತ್ತೆಂಟು ಬಂದರೆ ಮೂರನೇ ಸಲ. ಮೂರನೇ ಸಲ ನೂರಾ ಮೂವತ್ತೆಂಟು ಬಂದರೆ ಅದು ಪುಸ್ತಕಕ್ಕೆ. ಹಿಂದಿನ ಎರಡನ್ನೂ ಯಾರೂ ಬರೆಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನೀಲಗಂಗಮ್ಮನ ಬಾಯಿ ಒಂದು ಕಡೆಗೆ ವಾಲಿ, ಬಲಗೈ ಸೋತು, ಆಸ್ಪತ್ರೆ ಸೇರಿ ಬಂದ ಮೇಲೆ ಮಗ ರುದ್ರೇಶ ಈ ಮಿಷಿನ್ ತಂದಿದ್ದ. ಅವನದು ಮಾರುಕಟ್ಟೆಯ ಹತ್ತಿರ ಹಗ್ಗ, ಟಾರ್ಪಾಲು, ಗೋಣಿಚೀಲದ ಅಂಗಡಿ. ಗಾಬರಿಯಲ್ಲಿ ಮೊದಲ ಸಲ ಜಾಸ್ತಿ ಬರಬಹುದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ನೋಡಿ, ಎರಡನ್ನೂ ಬರೆದಿಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಎರಡನ್ನೂ ಬರೆದಿಡಿ ಎಂಬ ಮಾತು ಮೊದಲ ತಿಂಗಳಲ್ಲೇ ಮನೆಯಿಂದ ಹೊರಟುಹೋಯಿತು. ಉಳಿದದ್ದು ಇನ್ನೊಂದು ಸಲ ನೋಡಿ ಎಂಬುದಷ್ಟೇ. ರುದ್ರೇಶ ಸಾಯಂಕಾಲ ಬಂದು ಪುಸ್ತಕ ತೆಗೆದು ನೋಡುತ್ತಿದ್ದ. ನೂರಾ ನಲವತ್ತು ದಾಟಿದ್ದರೆ ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಹೋಗುತ್ತಿತ್ತು, ಹಪ್ಪಳ ನಿಲ್ಲುತ್ತಿತ್ತು, ತಾಯಿ ಮಗ ಮಾತು ಬಿಡುತ್ತಿದ್ದರು. ಮನೆ ಒಂದು ದಿನ ನೆಮ್ಮದಿಯಾಗಿರಲಿ ಎಂದು ದಿವ್ಯಾ ಕಡಿಮೆ ಬಂದದ್ದನ್ನು ಬರೆಯುತ್ತಿದ್ದಳು. ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಮಿಷಿನ್ ತೋರಿಸಿದ್ದನ್ನೇ ತಾನೇ ಬರೆಯುವುದು.

ದಿವ್ಯಾ ಶಿವರಂಜನಿಯ ತಂಗಿ. ಅರಕಲಗೂಡಿನ ಕಡೆಯ ಹಳ್ಳಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅತ್ತೆಯನ್ನು ನೋಡಿಕೊಳ್ಳಲು ಒಂದು ಜನ ಬೇಕು ಎಂದು ಅಕ್ಕ ಕರೆಸಿಕೊಂಡ ಮೇಲೆ ಚನ್ನರಾಯಪಟ್ಟಣದಲ್ಲೇ ಉಳಿದಿದ್ದಳು. ಮನೆಗೆ ಯಾರಾದರೂ ಬಂದರೆ ಅವಳು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಮಾತು ಬೇಕಾದಾಗ ಬರುತ್ತಿರಲಿಲ್ಲ, ಬಂದಾಗ ಬೇಕಾಗಿರುತ್ತಿರಲಿಲ್ಲ. ಆದರೆ ಅವಳ ಕಣ್ಣು ಸುಮ್ಮನಿರುವ ಕಣ್ಣಲ್ಲ. ಭಾವ ಚಪ್ಪಲಿ ಬಿಡುವ ಸದ್ದಿನಲ್ಲೇ ಅಂಗಡಿಯಲ್ಲಿ ಜಗಳವಾಗಿದೆಯೋ ಇಲ್ಲವೋ ಅವಳಿಗೆ ಗೊತ್ತಾಗುತ್ತಿತ್ತು.

ಮಿಷಿನ್ ಬಂದ ಮೇಲೆ ಬೀದಿಯ ಹೆಂಗಸರು ಸಾಯಂಕಾಲ ಬಾಗಿಲಿಗೆ ಬಂದು, "ದಿವ್ಯಾ, ನಂದೂ ಒಂಚೂರು ನೋಡವ್ವಾ" ಎಂದು ತೋಳು ಚಾಚತೊಡಗಿದರು. ಮಿಷಿನ್ನಿನ ಡಬ್ಬದ ಮುಚ್ಚಳದ ಒಳಗೆ ಔಷಧಿ ಅಂಗಡಿಯವನು ಒಂದು ಚೀಟಿ ಅಂಟಿಸಿ ಕೊಟ್ಟಿದ್ದ. ನೂರಿಪ್ಪತ್ತು, ಕೆಳಗೆ ಎಂಬತ್ತು, ಸರಿ. ನೂರಾ ನಲವತ್ತು, ಕೆಳಗೆ ತೊಂಬತ್ತು ದಾಟಿದರೆ ಜಾಸ್ತಿ. ದಿವ್ಯಾ ಚೀಟಿ ನೋಡಿ ಹೇಳುತ್ತಿದ್ದಳು, ಅವರು ನಂಬಿಕೊಂಡು ಹೋಗುತ್ತಿದ್ದರು. ಅವಳು ಹೇಳಿದ ಮಾತನ್ನು ಜನ ನಂಬಿದ್ದು ಜೀವನದಲ್ಲಿ ಅದೇ ಮೊದಲು.

ಅಕ್ಕನ ಮಗಳು ನಿಧಿಗೆ ಏಳು ವರ್ಷ. ಎರಡನೇ ಕ್ಲಾಸು. ಮಾರ್ಚ್ ತಿಂಗಳಲ್ಲಿ ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಂಡು ಅವಳ ಮೊಣಕಾಲ ಕೆಳಗೆಲ್ಲ ಕೀವು ತುಂಬಿದ ಹುಣ್ಣುಗಳಾಗಿದ್ದವು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದ್ದರು, ಒಣಗಿದ್ದವು, ಎಲ್ಲರೂ ಮರೆತಿದ್ದರು. ಮೂರು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ ತಲೆ ಬಾಚುವಾಗ ದಿವ್ಯಾ ಮಗುವಿನ ಮುಖ ನೋಡಿದಳು. ಕಣ್ಣಿನ ಸುತ್ತ ಊದಿಕೊಂಡಿತ್ತು. ರಾತ್ರಿಯೆಲ್ಲ ಅತ್ತವರ ಮುಖದ ಹಾಗೆ. ಆದರೆ ಮಗು ಅತ್ತಿರಲಿಲ್ಲ.

ಅವತ್ತೇ ಸ್ನಾನ ಮಾಡಿಸುವಾಗ ಮಗು ಬಚ್ಚಲಲ್ಲಿ ಒಂದಕ್ಕೆ ಕೂತಿತು. ಬಿಳಿ ಕಲ್ಲಿನ ಮೇಲೆ ಹರಿದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣ. ದಿವ್ಯಾ ಹೋಗಿ ಅಕ್ಕನಿಗೆ ಹೇಳಿದಳು.

"ಬಿಸ್ಲು ನೋಡು ಎಂಗದೆ" ಎಂದರು ಕೇಳಿಸಿಕೊಂಡ ನೀಲಗಂಗಮ್ಮ. "ಇದು ಉಷ್ಣ ಕಣವ್ವಾ. ಎಳ್ನೀರ್ ಕುಡ್ಸಿ, ಎಲ್ಡು ದಿನಕ್ಕೆ ತಣ್ಣಗಾಯ್ತದೆ."

ತೆಂಗಿನ ಊರಿನಲ್ಲಿ ಎಳನೀರಿಗೆ ಬರವಿಲ್ಲ. ರುದ್ರೇಶ ಮಧ್ಯಾಹ್ನವೇ ಒಂದು ಗೊನೆ ತಂದು ಹಿತ್ತಲಲ್ಲಿ ಇಳಿಸಿದ. ಬೆಳಿಗ್ಗೆ ಒಂದು, ಊಟಕ್ಕೆ ಮೊದಲು ಒಂದು, ಸಾಯಂಕಾಲ ಎರಡು. ಮಗು ಗೊಣಗಿಕೊಂಡು ಕುಡಿಯಿತು. ಕುಡಿದದ್ದು ಹೊರಗೆ ಹೋಗುತ್ತಿಲ್ಲ ಎಂಬುದನ್ನು ದಿವ್ಯಾ ನೋಡುತ್ತಿದ್ದಳು. ಭಾನುವಾರ ಮೂರು ಸಲ, ಸೋಮವಾರ ಎರಡು ಸಲ, ಅದೂ ಒಂಚೂರು.

ಸೋಮವಾರ ಸಾಯಂಕಾಲ ನಿಧಿ ತಲೆನೋವು ಎಂದು ಅತ್ತು ವಾಂತಿ ಮಾಡಿಕೊಂಡಳು. ದಿವ್ಯಾಗೆ ಏನು ತೋಚಿತೋ, ಮಿಷಿನ್ ತಂದು ಮಗುವಿನ ತೋಳಿಗೆ ಪಟ್ಟಿ ಸುತ್ತಿದಳು. ಅಜ್ಜಿಯ ತೋಳಿಗೆ ಒಂದು ಸುತ್ತು ಬರುವ ಪಟ್ಟಿ ಆ ಕಡ್ಡಿಯಂಥ ತೋಳಿಗೆ ಎರಡು ಸುತ್ತು ಬಂತು. ಹೆಗಲಿನಿಂದ ಮೊಣಕೈವರೆಗೂ ಮುಚ್ಚಿಕೊಂಡಿತು.

"ನಂಗೂ ಉಪ್ಪಿನ್‌ಕಾಯಿ ಬಂದ್ ಮಾಡ್ತಾರಾ, ಚಿಕ್ಕಮ್ಮಾ?" ಎಂದಿತು ಮಗು.

ನೂರಾ ನಲವತ್ತೆರಡು.

ದಿವ್ಯಾ ಸಂಖ್ಯೆಯನ್ನು ನೋಡುತ್ತಾ ಕೂತಳು. ಶಿವರಂಜನಿ ಹಿಂದೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ವಾಂತಿ ಒರೆಸಿದ ಬಟ್ಟೆ ಇತ್ತು.

"ಅಳ್ತಿದ್ಲಲ್ಲ, ಅದ್ಕೇ ಕಣೇ. ಇನ್ನೊಂದ್ಸಲ ನೋಡು."

ನೂರಾ ಮೂವತ್ತೊಂದು.

"ಕೂಸನ್ನ ಮಲಗ್ಸಿ ಒತ್ತವ್ವಾ" ಎಂದರು ನೀಲಗಂಗಮ್ಮ. "ಮೂರ್ನೇ ಸಲದ್ದೇ ಸರಿಯಾಗ್ ತೋರ್ಸೋದು. ನಂಗೆ ಗೊತ್ತಿಲ್ವಾ?"

ಮೂರನೇ ಸಲ ನೂರಾ ಹದಿನೆಂಟು ಬಂತು. ಮೂವರೂ ಉಸಿರು ಬಿಟ್ಟರು. ಚೀಟಿಯ ನೂರಿಪ್ಪತ್ತಕ್ಕಿಂತ ಕಡಿಮೆ. ದಿವ್ಯಾ ಅಜ್ಜಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ನಿಧಿ, ಸೋಮವಾರ, 118 ಎಂದು ಬರೆದಳು. ಬರೆಯುವಾಗ ಮಗುವಿನ ಮುಖ ಮತ್ತೆ ನೋಡಿದಳು. ಊತ ಬೆಳಿಗ್ಗೆಗಿಂತ ಜಾಸ್ತಿಯಾಗಿತ್ತು. ಆದರೆ ಮಿಷಿನ್ ಹೇಳಿಯಾಗಿತ್ತು. ತನ್ನ ಕಣ್ಣಿಗಿಂತ ಮಿಷಿನ್ ದೊಡ್ಡದು ಎಂದುಕೊಂಡಳು.

ಮಂಗಳವಾರ ಊರಿನ ಒಂದು ಕ್ಲಿನಿಕ್ಕಿಗೆ ಹೋದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವಳು ದಿವ್ಯಾ, ಮಾತಾಡಿದವನು ರುದ್ರೇಶ. ಬಾಗಿಲಾಚೆ ಬೆಂಚು ತುಂಬಿ ಜನ ನಿಂತಿದ್ದರು.

"ತಲೆನೋವು, ವಾಂತಿ ಸಾ. ಬಿಸ್ಲಿಗೆ ಉಷ್ಣ ಆಗೈತೆ. ಬಿಪಿನೂ ಮನೇಲೇ ನೋಡಿದೀವಿ, ನಾರ್ಮಲ್ ಐತೆ ಸಾ."

ವೈದ್ಯರು ಮಗುವಿನ ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು. "ಒಂದಕ್ಕೆ ಸರಿಯಾಗಿ ಹೋಗ್ತಾಳಾ?"

"ಎಳ್ನೀರ್ ಕೊಡ್ತಾನೇ ಇದೀವಿ ಸಾ" ಎಂದ ರುದ್ರೇಶ.

ಅದು ಕೇಳಿದ್ದಕ್ಕೆ ಉತ್ತರವಲ್ಲ ಎಂದು ದಿವ್ಯಾಗೆ ಗೊತ್ತಾಯಿತು. ಡಿಕಾಕ್ಷನ್ನಿನ ಬಣ್ಣ ಎಂಬ ಮಾತು ಗಂಟಲವರೆಗೂ ಬಂತು. ಗಂಡಸರಿಬ್ಬರ ಎದುರಿಗೆ ಒಂದಕ್ಕೆ ಹೋಗುವ ವಿಚಾರ ಎತ್ತುವುದು ಹೇಗೆ ಎಂದು ಅವಳು ಯೋಚಿಸುತ್ತಿರುವಾಗಲೇ ಮಾತ್ರೆ ಬರೆದ ಚೀಟಿ ಭಾವನ ಕೈಗೆ ಬಂದಿತ್ತು. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಪರೀಕ್ಷೆ ಮಾಡಿಸೋಣ ಎಂದರು ವೈದ್ಯರು.

ಎರಡು ದಿನ ಆಗಲಿಲ್ಲ. ಬುಧವಾರ ಬೆಳಿಗ್ಗೆ ಏಳೂವರೆಗೆ ನಿಧಿ ಹಾಸಿಗೆಯ ಮೇಲೆ ಕೂತಿದ್ದವಳು ಒಂದೇ ಕಡೆಗೆ ನೋಡುತ್ತಾ ಹಾಗೇ ಅಲುಗದೆ ಕೂತುಬಿಟ್ಟಳು. ದಿವ್ಯಾ ಹಾಲಿನ ಲೋಟ ಹಿಡಿದು ಕರೆದಳು. ಮಗುವಿನ ಕಣ್ಣು ಮೇಲೆ ಹೋಯಿತು, ಹಲ್ಲು ಕಚ್ಚಿತು, ಕೈಕಾಲು ಜಗ್ಗತೊಡಗಿದವು. ಶಿವರಂಜನಿಯ ಕೂಗಿಗೆ ಬೀದಿಯೇ ಒಳಗೆ ಬಂತು. ಯಾರೋ ಕಬ್ಬಿಣ ಹಿಡಿಸಿ ಎಂದರು, ಯಾರೋ ಈರುಳ್ಳಿ ಮೂಸಿಸಿ ಎಂದರು. ರುದ್ರೇಶ ಮಗುವನ್ನು ಎತ್ತಿಕೊಂಡು ಅಂಗಡಿಯ ಓಮ್ನಿ ವ್ಯಾನಿಗೆ ಓಡಿದ.

ಹಾಸನದ ದಾರಿಯಲ್ಲಿ, ಶಾಂತಿಗ್ರಾಮ ದಾಟುವ ಹೊತ್ತಿಗೆ ಇನ್ನೊಂದು ಸಲ ಫಿಟ್ಸ್ ಬಂತು. ಹಿಂದಿನ ಸೀಟಿನಲ್ಲಿ ಅಕ್ಕ ಮಗುವಿನ ತಲೆ ಹಿಡಿದಿದ್ದಳು, ದಿವ್ಯಾ ಕಾಲು ಹಿಡಿದಿದ್ದಳು. ಕಾಲಿನ ಮೇಲೆ ಬೆರಳು ಒತ್ತಿದ ಕಡೆ ಗುಂಡಿ ಬಿತ್ತು, ತುಂಬಿಕೊಳ್ಳಲಿಲ್ಲ. ನೂರಾ ನಲವತ್ತೆರಡು ಎಂದು ಅವಳ ತಲೆ ಹೇಳುತ್ತಿತ್ತು. ದಾರಿಯುದ್ದಕ್ಕೂ ಅದೊಂದೇ.

ಆಸ್ಪತ್ರೆಯಲ್ಲಿ ಮಗುವನ್ನು ಐಸಿಯುಗೆ ಒಯ್ದರು. ನರ್ಸ್ ಒಂದು ಡಬ್ಬದಿಂದ ಪಟ್ಟಿ ಹುಡುಕಿ ತೆಗೆದಳು. ಅಂಗೈಯಗಲದ ಸಣ್ಣ ಪಟ್ಟಿ. ಇಷ್ಟು ಸಣ್ಣದೂ ಇರುತ್ತದೆ ಎಂದು ದಿವ್ಯಾಗೆ ಗೊತ್ತೇ ಇರಲಿಲ್ಲ. ನೂರಾ ಅರವತ್ತೆಂಟು, ಕೆಳಗೆ ನೂರಾ ಹನ್ನೆರಡು ಎಂದು ನರ್ಸ್ ಕೂಗಿ ಹೇಳಿದಳು. ಎಲ್ಲರೂ ಒಮ್ಮೆಗೇ ಓಡಾಡಲು ಶುರುಮಾಡಿದರು.

ಅರ್ಧ ಗಂಟೆಯ ಮೇಲೆ ಮಕ್ಕಳ ವೈದ್ಯೆ ಬಾಗಿಲಿಗೆ ಬಂದರು. "ಬಿಪಿ ಏರಿ ತಲೆಗೆ ಹೊಡ್ದಿದೆ. ಫಿಟ್ಸ್ ಅದ್ರಿಂದ್ಲೇ. ಇದು ಎಷ್ಟು ದಿನದಿಂದ? ಮನೇಲಿ ಯಾವಾಗ್ಲಾದ್ರೂ ಬಿಪಿ ನೋಡಿದ್ರಾ?"

"ನೋಡಿದೀವಿ ಮೇಡಂ" ಎಂದ ರುದ್ರೇಶ. ಮೊಬೈಲಿನಲ್ಲಿ ಪುಸ್ತಕದ ಹಾಳೆಯ ಫೋಟೋ ಇತ್ತು, ತೆಗೆದು ತೋರಿಸಿದ. "ಮೊನ್ನೆ ನೂರಾ ಹದಿನೆಂಟು. ನಾರ್ಮಲ್ಲೇ ಇತ್ತು. ಇದ್ದಕ್ಕಿದ್ದಂಗೆ ಇಂಗಾಗೋಯ್ತು."

ವೈದ್ಯೆ ಫೋಟೋ ನೋಡಿ ಅವನ ಮುಖ ನೋಡಿದರು. "ನಾರ್ಮಲ್ ಅಂತ ಯಾರು ಹೇಳಿದ್ದು?"

"ನೂರಿಪ್ಪತ್ತರ ಒಳಗೈತಲ್ಲ ಮೇಡಂ."

"ಅದು ನಿಮಗೆ, ನನಗೆ. ಏಳು ವರ್ಷದ ಹುಡುಗಿಗೆ ನೂರರ ಆಸುಪಾಸಲ್ಲಿರಬೇಕು. ಮಕ್ಕಳಿಗೆ ವಯಸ್ಸು, ಎತ್ತರ ನೋಡಿ ಲೆಕ್ಕ. ನೂರಾ ಹದಿನೆಂಟೇ ಇವಳಿಗೆ ಜಾಸ್ತಿ. ಯಾವ ಪಟ್ಟಿ ಕಟ್ಟಿದ್ರಿ?"

"ಅಮ್ಮಂದು."

"ದೊಡ್ಡ ಪಟ್ಟಿ ಸಣ್ಣ ಕೈಗೆ ಕಟ್ಟಿದ್ರೆ ಇರೋದಕ್ಕಿಂತ ಕಮ್ಮಿ ತೋರ್ಸುತ್ತೆ. ಅಂದ್ರೆ ಇನ್ನೂ ಜಾಸ್ತಿನೇ ಇತ್ತು."

ದಿವ್ಯಾ ಗೋಡೆಗೆ ಒರಗಿ ನಿಂತಿದ್ದಳು. ತಾವು ಮೂರು ಸಲ ಒತ್ತಿ ಆರಿಸಿಕೊಂಡ ಒಳ್ಳೆಯ ಸಂಖ್ಯೆಯೂ ಕೆಟ್ಟದ್ದೇ. ಹಾಗಾದರೆ ಬಿಟ್ಟುಬಿಟ್ಟ ಸಂಖ್ಯೆ? ಅಕ್ಕನ ಕಡೆ ನೋಡಿದಳು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಹೇಳುವುದಿಲ್ಲ ಎಂದು ದಿವ್ಯಾಗೆ ತಿಳಿಯಿತು.

"ಮೊದ್ಲು ನೂರಾ ನಲವತ್ತೆರಡು ಬಂದಿತ್ತು" ಎಂದಳು.

ಸ್ವರ ಎಷ್ಟು ಸಣ್ಣಗಿತ್ತೆಂದರೆ ವೈದ್ಯೆ, "ಏನಮ್ಮಾ?" ಎಂದು ಹತ್ತಿರ ಬಂದರು.

"ಸೋಮವಾರ ಸಾಯಂಕಾಲ. ಮೊದ್ಲು ನೂರಾ ನಲವತ್ತೆರಡು, ಆಮೇಲೆ ನೂರಾ ಮೂವತ್ತೊಂದು. ಕಮ್ಮಿ ಬರೋಗಂಟ ಒತ್ತುದ್ವಿ. ಕೊನೇದ್ನ ಮಾತ್ರ ಬರ್ದೆ." ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಶನಿವಾರದಿಂದ ಮುಖ ಊದ್ಕೊಂಡಿತ್ತು. ಒಂದಕ್ಕೆ ಕಾಫಿ ಡಿಕಾಕ್ಷನ್ ತರ. ನೆನ್ನೆ ಒಂದೇ ಸಲ, ಮೂರ್ ಚಮಚದಷ್ಟೂ ಇರ್ಲಿಲ್ಲ."

"ಕಾಲಲ್ಲಿ ಹುಣ್ಣಾಗಿತ್ತಾ?"

"ಊಂ. ಮೂರು ವಾರದ ಹಿಂದೆ. ಕೀವಾಗಿತ್ತು."

"ಕುಡಿಯಕ್ಕೆ ಏನು ಕೊಟ್ರಿ?"

"ಎಳ್ನೀರು. ದಿನಕ್ಕೆ ನಾಲ್ಕು."

ಬರೆಯುತ್ತಿದ್ದ ಪೆನ್ನು ನಿಂತಿತು. ವೈದ್ಯೆ ತಿರುಗಿ ಒಳಗಿದ್ದವರಿಗೆ ಪೊಟ್ಯಾಶಿಯಂ ನೋಡಿ, ಇಸಿಜಿ ತೆಗೀರಿ ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಇವರಿಗೆ ಹೇಳಿದರು. "ಆ ಹುಣ್ಣಿನಿಂದ ಕಿಡ್ನಿಗೆ ಪೆಟ್ಟು ಬಿದ್ದಿದೆ. ಕಿಡ್ನಿ ಕೆಲಸ ಮಾಡ್ದೇ ಇದ್ದಾಗ ಕುಡಿದ ನೀರು ಹೊರಗೆ ಹೋಗಲ್ಲ, ಎಳನೀರಲ್ಲಿರೋ ಉಪ್ಪು ರಕ್ತದಲ್ಲೇ ಉಳಿಯುತ್ತೆ. ಎದೆ ನಿಂತುಹೋಗಬಹುದಿತ್ತು. ಇನ್ನೂ ಹೇಳಕ್ಕಾಗಲ್ಲ."

ಬಾಗಿಲು ಮುಚ್ಚಿತು. ರುದ್ರೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡು ದಿವ್ಯಾಳ ಕಡೆ ತಿರುಗಿದ.

"ನೂರಾ ನಲವತ್ತೆರಡು ಬಂದಿದ್ದು ಗೊತ್ತಿದ್ದೂ ನನ್ನತ್ರ ಬಾಯ್ ಬಿಡ್ಲಿಲ್ವಲ್ಲ ನೀನು" ಎಂದ. ಸ್ವರ ಏರಿಸಲಿಲ್ಲ. "ಕ್ಲಿನಿಕ್ಕಲ್ಲಿ ನನ್ ಪಕ್ಕದಲ್ಲೇ ಕೂತಿದ್ದೆ. ನಾನು ನಾರ್ಮಲ್ ನಾರ್ಮಲ್ ಅಂತಿದ್ದೆ."

ಇನ್ನೊಂದು ಸಲ ನೋಡು ಎಂದದ್ದು ಯಾರು ಎಂದು ದಿವ್ಯಾ ಹೇಳಬಹುದಿತ್ತು. ಅಕ್ಕ ಇನ್ನೂ ನೆಲ ನೋಡುತ್ತಿದ್ದಳು.

ಮಗು ಬದುಕಿತು. ಅವತ್ತೂ ಮರುದಿನವೂ ಹದಿನೈದು ನಿಮಿಷಕ್ಕೊಂದು ಸಲ ಸಣ್ಣ ಪಟ್ಟಿ ಬಿಗಿಯುತ್ತಿತ್ತು. ನರ್ಸ್ ಬಂದದ್ದನ್ನು ಬಂದ ಹಾಗೇ ಬರೆದುಕೊಳ್ಳುತ್ತಿದ್ದಳು. ನೂರಾ ಐವತ್ತು, ನೂರಾ ನಲವತ್ತು, ಮತ್ತೆ ನೂರಾ ನಲವತ್ತಾರು. ಔಷಧಿ ಹನಿಹನಿಯಾಗಿ ಹೋಗುತ್ತಿತ್ತು. ನೀಲಗಂಗಮ್ಮ ಊರಿನಿಂದ ದಿನಕ್ಕೆ ಹತ್ತು ಸಲ ಫೋನ್ ಮಾಡಿ, ಎಳನೀರು ಕುಡಿಸಿ ಎಂದದ್ದು ನಾನೇ ಎಂದು ಅಳುತ್ತಿದ್ದರು. ರುದ್ರೇಶ ಕೇಳಿಸಿಕೊಂಡು ಫೋನ್ ಇಡುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಬಿಪಿ ನೂರಾ ಇಪ್ಪತ್ತರ ಹತ್ತಿರ ಇಳಿದಿತ್ತು. ಮಧ್ಯಾಹ್ನ ವಾರ್ಡಿಗೆ ಕಳಿಸುತ್ತೇವೆ ಎಂದರು. ನಿಧಿ ಎದ್ದಿದ್ದಳು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆಯೇ ಬಿದ್ದಿತ್ತು.

"ಲೈಟ್ ಆಕಮ್ಮಾ" ಎಂದಿತು ಮಗು.

ಶಿವರಂಜನಿ ಗಂಡನ ಮುಖ ನೋಡಿದಳು. ಆಮೇಲೆ ಮಗುವಿನ ಮುಂದೆ ಕೈ ಹಿಡಿದು, "ಬಂಗಾರಾ, ಇದೆಷ್ಟು ಬೆಳ್ಳು ಯೋಳು" ಎಂದಳು. ಎರಡು ಬೆರಳು.

"ಮೂರು."

"ಸರಿಯಾಗ್ ನೋಡು."

"ಐದು."

"ಅಲ್ಲ ಕಣ್ ಮರಿ, ಇನ್ನೊಂದ್ಸಲ ನೋಡು."

ಮಗು ಅಮ್ಮನ ಸ್ವರ ಬಂದ ಕಡೆಗೆ ಮುಖ ತಿರುಗಿಸಿ ಯೋಚಿಸಿತು. "ಎರಡು?"

"ಕಾಣ್ತೈತೆ ಕಣ್ರೀ! ಕಾಣ್ತೈತೆ!" ಶಿವರಂಜನಿ ಅಳುತ್ತಾ ನಕ್ಕಳು. ರುದ್ರೇಶ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಅದೇ ಹೊತ್ತಿಗೆ ಬಂದ ವೈದ್ಯೆಗೆ, "ಕಣ್ಣು ಮಂಜಾಗಿತ್ತು ಅನ್ಸುತ್ತೆ ಮೇಡಂ, ಈಗ ಸರಿಯಾಗಿ ಯೋಳುದ್ಲು" ಎಂದ. ವೈದ್ಯೆ ತಲೆಯಾಡಿಸಿ ವಾರ್ಡಿಗೆ ಕಳಿಸುವ ಹಾಳೆ ಕೈಗೆತ್ತಿಕೊಂಡರು.

"ಸರಿಯಾಗ್ ಯೋಳ್ಲಿಲ್ಲ" ಎಂದಳು ದಿವ್ಯಾ.

ಈ ಸಲ ಸ್ವರ ಸಣ್ಣಗಿರಲಿಲ್ಲ. ಮೂವರೂ ತಿರುಗಿದರು.

"ಮೊದ್ಲು ಮೂರು ಅಂದ್ಲು, ಆಮೇಲೆ ಐದು. ಅಕ್ಕ ತೋರ್ಸಿದ್ದು ಎರಡು. ಬಿಸ್ಲಲ್ಲಿ ಕೂತ್ಕೊಂಡು ಲೈಟ್ ಆಕು ಅಂದ್ಲು ಮೇಡಂ."

"ನಿನ್ ನಾಲ್ಗೆಗೆ ಈಗ ಬಂತೇನೇ ಜೀವ?" ಶಿವರಂಜನಿ ಅವಳ ಮೇಲೆ ಬಂದಳು. "ಅವತ್ ಬರ್ಬೇಕಿತ್ತು. ಕಾಣ್ತೈತೆ ಅಂತ ಮಗೂನೇ ಯೋಳ್ತೈತೆ, ನೀನ್ಯಾರೇ ಇಲ್ಲ ಅನ್ನಕ್ಕೆ?"

ದಿವ್ಯಾ ಅಲ್ಲಿಂದ ಕದಲಲಿಲ್ಲ. ವೈದ್ಯೆ ಹಾಳೆಯನ್ನು ಕೆಳಗಿಟ್ಟು, ಜೇಬಿನಿಂದ ಟಾರ್ಚ್ ತೆಗೆದು, ಮಾತಾಡದೆ ಮಗುವಿನ ಮುಖದ ಮುಂದೆ ಆ ಕಡೆ ಈ ಕಡೆ ಆಡಿಸಿದರು. ಮಗುವಿನ ಕಣ್ಣು ಒಂದು ಕಡೆಗೆ ಹಿಂಬಾಲಿಸಿತು, ಇನ್ನೊಂದು ಕಡೆಗೆ ಹಿಂಬಾಲಿಸಲಿಲ್ಲ. ಅವರು ಎರಡನೇ ಸಲ ಪರೀಕ್ಷೆ ಮಾಡಲಿಲ್ಲ. ವಾರ್ಡ್ ಬೇಡ, ಈಗಲೇ ಸ್ಕ್ಯಾನ್ ಎಂದರು.

ಸ್ಟ್ರೆಚರ್ ಹೋಗುವಾಗ ದಿವ್ಯಾ ಮಗುವಿನ ಕೈ ಹಿಡಿಯಲು ಹೋದಳು. ಅಕ್ಕ ಆ ಕೈಯನ್ನು ಬಿಡಿಸಿ ತಾನು ಹಿಡಿದುಕೊಂಡಳು.

ಸಾಯಂಕಾಲ ನಾಲ್ಕಕ್ಕೆ ರುದ್ರೇಶ ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. "ಮಿದುಳಿನ ಇಂದ್ಗಡೆ ಊತವಂತೆ. ಅದು ಇಳೀತದಂತೆ. ಬಲಗಡೆ ಒಂದ್ ಕಡೆ ರಕ್ತ ಆಗ್ಬುಟ್ಟೈತಂತೆ. ಅದ್ರಿಂದ ಎಡಗಡೆ ನೋಟ ಓಗೈತೆ. ಬಂದ್ರೆ ಬರ್ಬೋದು, ಬರ್ದೇನೂ ಇರ್ಬೋದು ಅಂದ್ರು." ಅವಳ ಕಡೆ ನೋಡದೆಯೇ ಮುಂದುವರಿಸಿದ. "ಇವತ್ತು ವಾರ್ಡಿಗೆ ಕಳ್ಸಿ ಡ್ರಿಪ್ ತೆಗ್ದು ಮಾತ್ರೆ ಕೊಟ್ಟಿದ್ರೆ ಗೊತ್ತೇ ಆಗ್ತಿರ್ಲಿಲ್ಲವಂತೆ. ಇನ್ನೊಂದ್ಸಲ ರಕ್ತ ಆಗೋದಂತೆ."

ಅದು ಹೊಗಳಿಕೆಯಲ್ಲ, ಕ್ಷಮೆಯೂ ಅಲ್ಲ ಎಂದು ದಿವ್ಯಾಗೆ ಗೊತ್ತಿತ್ತು. ಭಾನುವಾರ ನಿಮ್ಮಪ್ಪ ಬಂದು ಕರ್ಕೊಂಡ್ ಓಗ್ತಾರೆ ಎಂದು ಅವನು ಆಮೇಲೆ ಹೇಳಿದಾಗಲೂ ಅವಳಿಗೆ ಆಶ್ಚರ್ಯವಾಗಲಿಲ್ಲ. ಊಂ ಎಂದಳು.

ಶನಿವಾರ ದಿವ್ಯಾಳನ್ನು ಮಗು ನೋಡಲು ಒಳಗೆ ಬಿಟ್ಟರು. ನಿಧಿ ದಿಂಬಿಗೆ ಒರಗಿ ಕೂತು ಇಡ್ಲಿ ತಿನ್ನುತ್ತಿದ್ದಳು. ಮುಖದ ಊತ ಇಳಿದು ಮೊದಲಿನ ಸಣ್ಣ ಮುಖ ಬಂದಿತ್ತು. ತಟ್ಟೆಯ ಬಲಗಡೆಯ ಇಡ್ಲಿ ಮುಗಿದಿತ್ತು. ಎಡಗಡೆಯದು ಹಾಗೇ ಇತ್ತು.

"ಇಡ್ಲಿ ಕಾಲಿಯಾಯ್ತಮ್ಮಾ" ಎಂದಿತು ಮಗು.

ಶಿವರಂಜನಿ ತಟ್ಟೆಯನ್ನು ತಿರುಗಿಸಿ ಇಟ್ಟಳು.

ದಿವ್ಯಾ ಹೋಗಿ ಖಾಲಿ ಇದ್ದ ಸ್ಟೂಲಿನ ಮೇಲೆ, ಹಾಸಿಗೆಯ ಎಡಗಡೆ ಕೂತಳು. ಮಗು ಅವಳ ಕಡೆ ತಿರುಗಲಿಲ್ಲ. "ಚಿಕ್ಕಮ್ಮ ಬಂದಿಲ್ವಾ ಇವತ್ತು?" ಎಂದು ಅಮ್ಮನನ್ನು ಕೇಳಿತು.

ದಿವ್ಯಾ ಸ್ಟೂಲು ಎತ್ತಿಕೊಂಡು ಮಂಚದ ಕಾಲ ಕಡೆಯಿಂದ ಸುತ್ತಿ ಬಲಗಡೆಗೆ ಬಂದಳು. ಅಲ್ಲಿ ಅಕ್ಕ ಕೂತಿದ್ದಳು. ಇಬ್ಬರಿಗೆ ಜಾಗವಿರಲಿಲ್ಲ. ದಿವ್ಯಾ ಸ್ಟೂಲು ಹಿಡಿದುಕೊಂಡೇ ನಿಂತಳು. ಶಿವರಂಜನಿ ಅವಳ ಮುಖ ನೋಡದೆ, ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಒಂದು ಗೇಣು ಎಳೆದುಕೊಂಡಳು.